ಹದಿನೈದು ಆಳಿನ ಬಾವಿ

ಕಾಂಗೇಯದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಭೌತಶಾಸ್ತ್ರ ಕಲಿಸಿದ ತಿಲಕವತಿ ಟೀಚರು ಗುರುತ್ವಾಕರ್ಷಣೆಯ ಪಾಠಕ್ಕೆ ಪುಸ್ತಕ ತೆರೆದವರೇ ಅಲ್ಲ. ಹುಡುಗಿಯರ ಕೈಗೆ ಕಲ್ಲು ಕೊಟ್ಟು ಮಾಳಿಗೆಯಿಂದ ಬೀಳಿಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಶಾಲೆಯ ಹಿಂದಿನ ಬಾವಿ ಮೊದಲ ಸಲ ಬತ್ತಿತು. ಊರಿಗೆ ಚಿಂತೆ, ಟೀಚರಿಗೆ ಹಬ್ಬ.

ಬಾವಿ ತೋಡಿದ್ದು ಒಂಬತ್ತನೇ ಕ್ಲಾಸಿನ ಪೂಂಗೊಡಿಯ ತಾತ ಮಾರಪ್ಪನ್. ಹದಿನೈದು ಆಳು ಆಳ ಎಂದಿದ್ದ. ತೋಡಿದವನು ಬದುಕಿರುವಾಗ ಅವನ ಬಾವಿಗೆ ಅಳತೆಯ ಹಗ್ಗ ಇಳಿಸಿದರೆ ಅವನನ್ನು ಸುಳ್ಳುಗಾರ ಎಂದಂತೆ. ಆ ಸೀಮೆಯಲ್ಲಿ ಯಾರೂ ಇಳಿಸರು. ಟೀಚರೂ ಇಳಿಸಲಿಲ್ಲ. ಆಳೆಂದರೆ ಒಬ್ಬ ಮನುಷ್ಯನ ಎತ್ತರವೆಂದು ಆಳಿಗೆ ಐದೂವರೆ ಅಡಿ ಹಿಡಿದರು.

ಹತ್ತು ಕಲ್ಲು ಬಿದ್ದವು. ಹತ್ತಕ್ಕೂ ಎರಡು ಸೆಕೆಂಡು, ಮೇಲೊಂದು ಚೂರು. ಲೆಕ್ಕದಲ್ಲಿ ಗುರುತ್ವ ಒಂಬತ್ತು ಪಾಯಿಂಟ್ ಎಂಟು ಬರಬೇಕಾದ ಕಡೆ ಹನ್ನೆರಡು ಬಂತು.

"ಭೂಮಿ ಜಾಸ್ತಿ ಎಳೀತಿದ್ಯೋ, ನಿಮ್ಮ ತಾತ ಕಮ್ಮಿ ತೋಡಿದ್ನೋ?" ಎಂದಳು ಒಬ್ಬಳು. ಪೂಂಗೊಡಿ ಅನ್ನ ಮುಟ್ಟಲಿಲ್ಲ.

ಸಂಜೆ ಟೀಚರು ಅವಳ ಮನೆಗೇ ಹೋದರು. ತಾನೇ ಮುದುಕನ ಮಾನ ಕಳೆದೆ ಎಂದು ಅವರಿಗೆ ನಾಚಿಕೆಯಾಗಿತ್ತು. ಮಾರಪ್ಪನ್ ಎಲ್ಲ ಕೇಳಿ ಬಾಯ್ತುಂಬ ನಕ್ಕ.

"ನಮ್ಮ ಆಳಿಗೆ ತಲೆ ಇಲ್ಲ ಟೀಚರ್. ಬಾವಿಯೊಳಗೆ ಹಾರೆ ನಿಲ್ಸಿ ಅಳೆಯೋದು, ಅದು ಹೆಗಲವರೆಗೆ. ಕೂಲಿ ಕೊಟ್ಟೋರಿಗೂ ಗೊತ್ತು. ಓದಿದೋರು ನೀವು, ಒಂದು ಮಾತು ಕೇಳಬಾರದಿತ್ತಾ?"

ಹಾರೆ ನಾಲ್ಕೂವರೆ ಅಡಿ ಇತ್ತು. ಪೂಂಗೊಡಿ ಜಗಲಿಯ ಮೇಲೇ ಮತ್ತೆ ಲೆಕ್ಕ ಹಾಕಿದಳು. ಒಂಬತ್ತು ಪಾಯಿಂಟ್ ಏಳು. ತಿಲಕವತಿ ಆ ಹಾರೆಯನ್ನು ಕೈಗೆತ್ತಿಕೊಂಡು ನೋಡಿದರು. ನಲವತ್ತು ವರ್ಷದ ಹಿಂದೆ ಓದುಬರಹ ಬಾರದವನೊಬ್ಬ ಕತ್ತಲಲ್ಲಿ ಹಾರೆ ಹಿಡಿದು ಅಳೆದದ್ದನ್ನು ಇವತ್ತು ಇಡೀ ಭೂಮಿಯೇ ಸರಿ ಎಂದಿತ್ತು. ಇಷ್ಟು ವರ್ಷ ಕಲಿಸಿದ ಪಾಠ ತನಗೇ ಈಗ ಅರ್ಥವಾಯಿತೆನಿಸಿತು.

ಮರುದಿನ ಮಾರಪ್ಪನ್ ಕೋಲೂರಿಕೊಂಡು ಶಾಲೆಗೆ ಬಂದ. "ಎಲ್ಲರೂ ನೋಡ್ಲಿ, ನಾನೇ ಬಿಡ್ತೀನಿ. ಅಮ್ಮಿಣಿ, ನೀನು ಗಡಿಯಾರ ಹಿಡಿ," ಎಂದ ಮೊಮ್ಮಗಳಿಗೆ.

ಜೀವಮಾನವೆಲ್ಲ ಬಾವಿಯ ತಳದಲ್ಲಿ ದುಡಿಯುತ್ತ, ಮೇಲಿಂದ ಕಲ್ಲು ಬಿದ್ದೀತೆಂದು ಅಂಜಿದವನು ಅವನು. ಕಲ್ಲು ಕೈಗೆ ತೆಗೆದುಕೊಂಡ. ಬಗ್ಗಿ ಖಾಲಿ ಬಾವಿಯೊಳಕ್ಕೆ ಕೂಗಿದ: "ಪಕ್ಕಕ್ಕೆ ಸರೀರಪ್ಪೋ."

ಯಾವ ಹುಡುಗಿಯೂ ನಗಲಿಲ್ಲ. ಒಳಗಿದ್ದವರು ಸರಿಯಲೆಂದು ಸ್ವಲ್ಪ ಹೊತ್ತು ಕಾದು, ಆಮೇಲೆ ಕಲ್ಲು ಬಿಟ್ಟ.