ಎರಡು ಸಲ ಕತ್ತರಿಸಿದ ಹುಲ್ಲು

ಹಂಚುವುದು ಅಂದರೆ ತಕ್ಕಡಿಯಮ್ಮನಿಗೆ ಎಲ್ಲಿಲ್ಲದ ಹುರುಪು. ಗಾಲ್ಫ್ ಮೈದಾನದ ಕೆಲಸಗಾರರ ಶೆಡ್ಡಿಗೆ ಚಹಾದ ಹೊತ್ತಿನಲ್ಲಿ ಬಿಸ್ಕತ್ತಿನ ಪೊಟ್ಟಣ ಬಂತೋ, ಅದನ್ನು ಬಿಡಿಸುವ ಹಕ್ಕು ಈಯಮ್ಮನದೇ. ನಿನಗಿಷ್ಟು, ಅವನಿಗಿಷ್ಟು, ಒಬ್ಬರಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಮ್ಮಿಯಿಲ್ಲ. ಪೊಟ್ಟಣದ ತಳದಲ್ಲಿ ಒಡೆದದ್ದೊಂದು ಇದ್ದೇ ಇರುತ್ತದಲ್ಲ, ಅದು ಮಾತ್ರ ಪಕ್ಕದಲ್ಲಿ ಕಾಲಾಡಿಸುತ್ತಾ ಕೂತ ತನ್ನ ಮಗಳಿಗೆ. ಚೆನ್ನಾಗಿರೋದನ್ನ ಮಗಳಿಗೆ ಎತ್ತಿಟ್ಟಳು ಅಂತ ಯಾರಾದರೂ ಅಂದುಬಿಟ್ಟರೆ? ಅಬ್ಬಬ್ಬಾ, ಆಮೇಲೆ ಬದುಕಿ ಏನು ಪ್ರಯೋಜನ! ಆ ಶೆಡ್ಡಿನವರೇ ಇಟ್ಟ ಹೆಸರು ತಕ್ಕಡಿಯಮ್ಮ. ಗೇಲಿಗೆ ಇಟ್ಟಿದ್ದು, ಆಕೆ ಬಿರುದು ಅಂತ ತಿಳಿದುಕೊಂಡಳು.

ಆಕೆಯ ಕೆಲಸ ಗ್ರೀನ್ ನೋಡಿಕೊಳ್ಳುವುದು. ಗ್ರೀನ್ ಅಂದರೆ ಬಾವುಟ ನೆಟ್ಟ ಗುಂಡಿಯ ಸುತ್ತ ಇರುತ್ತದಲ್ಲ, ಗಡ್ಡ ಹೆರೆದ ಕೆನ್ನೆಯ ಹಾಗೆ ನುಣ್ಣಗಿರುವ ಹುಲ್ಲು, ಅದು. ಬೆಳಗಾಗುವ ಮುಂಚೆ ಬಂದು ಮೆಷಿನ್ನಿನಲ್ಲಿ ಹುಲ್ಲು ಕತ್ತರಿಸಬೇಕು, ರೋಲರ್ ಎಳೆಯಬೇಕು, ಒಣಗಿದ ಕಡೆ ನೀರು ಕೊಡಬೇಕು. ಗಂಡ ತೀರಿಕೊಂಡ ಮೇಲೆ ಮಗಳನ್ನು ಎಲ್ಲಿ ಬಿಡೋದು? ಕಂಕುಳಲ್ಲಿ ಎತ್ತಿಕೊಂಡು ಬಂದು ಅದೇ ಹುಲ್ಲಿನ ಅಂಚಿನಲ್ಲಿ ಮಲಗಿಸುತ್ತಿದ್ದಳು. ಆ ಹುಡುಗಿ ಕೊಳದಿಂದ ಹೆಕ್ಕಿದ ಚೆಂಡು, ಯಾರೋ ಬಿಸಾಕಿದ ಕೋಲು ಹಿಡಿದು ಆಡುತ್ತಾ ಆಡುತ್ತಾ ಆಟಗಾರ್ತಿಯೇ ಆಗಿಬಿಟ್ಟಳು. ಅದೂ ಎಂಥವಳು! ಹೆಂಗಸರ ದೊಡ್ಡ ಚಾಂಪಿಯನ್‌ಶಿಪ್ ಇದೇ ಮೈದಾನಕ್ಕೆ ಬಂದಾಗ, ಅರ್ಹತಾ ಪಂದ್ಯ ಗೆದ್ದು ಒಳಗೆ ಬಂದ ಊರಿನ ಹುಡುಗಿ ಇವಳೊಬ್ಬಳೇ.

ಬೇರೆ ತಾಯಿಯಾಗಿದ್ದರೆ ಕುಣಿದಾಡುತ್ತಿದ್ದಳು. ಈಕೆ ಜ್ವರ ಬಂದವಳ ಹಾಗೆ ಕೂತಳು. ಯಾಕೆಂದರೆ ಟ್ರ್ಯಾಕ್ಟರ್ ಓಡಿಸುವವನು ಚಹಾ ಹೀರುತ್ತಾ ಒಂದು ಮಾತು ಎಸೆದಿದ್ದ.

"ಇನ್ನೇನಕ್ಕಾ, ಕಪ್ ನಿಮ್ಮನೆಗೇ ಬಂತು ಅನ್ನು. ಹುಲ್ಲು ಅಮ್ಮಂದು, ಆಟ ಮಗಳದ್ದು!"

ಅವನು ನಕ್ಕು ಮರೆತ. ತಕ್ಕಡಿಯಮ್ಮನಿಗೆ ಮಾತ್ರ ಅನ್ನ ಇಳಿಯಲಿಲ್ಲ. ಅಂದಿನಿಂದ ಮನೆಯಲ್ಲಿ ಹುಲ್ಲಿನ ಸುದ್ದಿಯೇ ನಿಷೇಧ. ಮಗಳು ಪಾತ್ರೆ ಒರೆಸುತ್ತಾ, "ಅಮ್ಮ, ಕೊನೇ ಗ್ರೀನಿನ ಹಿಂಭಾಗ ಈಗಲೂ ಮೆತ್ತಗಿದ್ಯಾ?" ಅಂತ ಕೇಳಿದ್ದಕ್ಕೆ, ಈಕೆ ಮಿಕ್ಸಿ ಹಾಕಿಬಿಟ್ಟಳು. ಮಿಕ್ಸಿಯಲ್ಲಿ ಏನೂ ಇರಲಿಲ್ಲ.

ಚಾಂಪಿಯನ್‌ಶಿಪ್ ನಡೆಸುವ ಸಮಿತಿಯವರೂ ಬಂದಿಳಿದರು. ಎಲ್ಲರಿಗೂ ಒಂದೇ ಥರದ ಬಿಳಿ ಹ್ಯಾಟು, ಒಂದೇ ಥರದ ಗಂಭೀರ ಮುಖ. ಹುಲ್ಲು ಎಷ್ಟು ಎತ್ತರವಿದ್ದರೆ ನ್ಯಾಯ, ಎಷ್ಟು ಗಟ್ಟಿಯಿದ್ದರೆ ಅನ್ಯಾಯ ಅಂತ ತಂಪು ಕೋಣೆಯಲ್ಲಿ ಕೂತು ಚರ್ಚೆ ಮಾಡೋದೇ ಅವರ ಉದ್ಯೋಗ. ಹುಲ್ಲಿನ ಅಭಿಪ್ರಾಯ ಯಾರೂ ಕೇಳಲಿಲ್ಲ, ಬಿಡಿ. ಸೂಪರ್‌ವೈಸರ್ ಕೆಲಸ ಹಂಚುವಾಗ ಕೊನೆಯ ಗ್ರೀನ್ ತಕ್ಕಡಿಯಮ್ಮನ ಪಾಲಿಗೇ ಬಿತ್ತು. ದಿಬ್ಬದ ಮೇಲಿನ ಗ್ರೀನ್, ಮುಂದೆ ಇಳಿಜಾರು, ಕೆಳಗೆ ಕೊಳ.

ಮೊದಲನೇ ದಿನ ಮಗಳು ಚೆನ್ನಾಗಿಯೇ ಆಡಿದಳು. ಎರಡನೇ ದಿನದ ಆಟ ಮುಗಿದ ಮೇಲೆ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸುತ್ತಾರೆ, ಉಳಿದವರಿಗೆ ಮಾತ್ರ ಕೊನೆಯ ಎರಡು ದಿನದ ಆಟ. ಉಳಿದರೆ ಮುಂದಿನ ವರ್ಷ ದೊಡ್ಡ ಪಂದ್ಯಗಳ ಬಾಗಿಲು ತೆರೆಯುತ್ತದೆ. ಹೋದರೆ ಮತ್ತೆ ಅದೇ ಕ್ರೀಡಾ ಸಾಮಾನಿನ ಅಂಗಡಿಯ ಕೌಂಟರು, ಅದೇ ದಿನವಿಡೀ ನಿಂತು ಮಾಡುವ ಕೆಲಸ. ಇದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು.

ಎರಡನೇ ದಿನ ಬೆಳಿಗ್ಗೆ ಸೂಪರ್‌ವೈಸರ್ ಬಿಡಿಸಿ ಹೇಳಿದ. "ಮಧ್ಯಾಹ್ನ ಗಾಳಿ ಜೋರಿರುತ್ತೆ. ಒಂದೇ ಸಲ ಕತ್ತರಿಸು, ಒಂದೇ ಸಲ ರೋಲರ್ ಎಳಿ, ಆಮೇಲೆ ಮೇಲಿಂದ ಸ್ವಲ್ಪ ನೀರು ತೋರಿಸು. ಒಣಗಿದ್ರೆ ಚೆಂಡು ನಿಲ್ಲಲ್ಲ, ಜಾರಿ ಹೋಗುತ್ತೆ. ಅರ್ಥ ಆಯ್ತಾ?"

"ಆಯ್ತು ಸಾರ್" ಅಂದಳು ತಕ್ಕಡಿಯಮ್ಮ.

ಗ್ರೀನ್ ಹತ್ತಿರ ಹೋಗಿ ಪೈಪ್ ಕೈಗೆತ್ತಿಕೊಂಡಳು ನೋಡಿ, ಟ್ರ್ಯಾಕ್ಟರಿನವನ ನಗು ಕಿವಿಯಲ್ಲಿ ಗುಂಯ್ ಅಂದಿತು. ಮಗಳ ಆಟ ಮಧ್ಯಾಹ್ನ. ನೀರು ಹಾಕಿದರೆ ಯಾರಿಗೆ ಹಾಕಿದಳು ಅಂತಾರೆ? ಮಗಳಿಗೆ ಅಂತಾರೆ! ಪೈಪ್ ಅಲ್ಲೇ ಬಿಸಾಕಿದಳು. ಒಂದು ಸಲ ಉದ್ದಕ್ಕೆ ಕತ್ತರಿಸಿದಳು, ಸಮಾಧಾನವಾಗಲಿಲ್ಲ. ಅಡ್ಡಡ್ಡ ಇನ್ನೊಂದು ಸಲ ಕತ್ತರಿಸಿದಳು. ರೋಲರನ್ನೂ ಎರಡು ಸಲ ಎಳೆದಳು. ಬೆವರು ಒರೆಸಿಕೊಂಡು ಹಿಂದೆ ಸರಿದು ನೋಡಿದಾಗ ಗ್ರೀನ್ ಗಾಜಿನ ಹಾಗೆ ಹೊಳೆಯುತ್ತಿತ್ತು. ಈಗ ಯಾವ ನಾಲಿಗೆ ಆಡುತ್ತೋ ಆಡಲಿ ಅಂದುಕೊಂಡಳು. ಅಷ್ಟು ಹೆಮ್ಮೆ ಆಕೆಗೆ ಮಗಳು ಅರ್ಹತಾ ಪಂದ್ಯ ಗೆದ್ದ ದಿನವೂ ಆಗಿರಲಿಲ್ಲ.

ಬೆಳಗಿನವರಿಗೆ ನೆಲದಲ್ಲಿ ಇಬ್ಬನಿಯ ಪಸೆಯಿತ್ತು, ಹೇಗೋ ನಡೆಯಿತು. ಮಧ್ಯಾಹ್ನ ಬಿಸಿಲೂ ಗಾಳಿಯೂ ಸೇರಿಕೊಂಡು ಗ್ರೀನನ್ನು ಹುರಿದು ಹಾಕಿದವು. ಮಗಳು ಕೊನೆಯ ಗುಂಡಿಗೆ ಬರುವ ಹೊತ್ತಿಗೆ ಲೆಕ್ಕ ಸುಲಭವಿತ್ತು: ಎಲ್ಲರೂ ಆಡುವಷ್ಟೇ ಹೊಡೆತದಲ್ಲಿ ಮುಗಿಸಿದರೆ ಉಳಿಯುತ್ತಾಳೆ. ತಕ್ಕಡಿಯಮ್ಮ ಮರಳು ಸಮ ಮಾಡುವ ಹಲ್ಲುಕುಂಟೆ ಹಿಡಿದುಕೊಂಡು ಹಗ್ಗದಾಚೆ ನಿಂತಿದ್ದಳು.

ಹುಡುಗಿ ಹೊಡೆದಳು. ಎಂಥಾ ಹೊಡೆತ ರೀ ಅದು! ಚೆಂಡು ಗುಂಡಿಯ ಪಕ್ಕದಲ್ಲೇ ಇಳಿದು ನಿಂತಿತು. ಜನ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವ ಮುಂಚೆ ಗಾಳಿ ಬೀಸಿತು. ನಿಂತ ಚೆಂಡು ಅಲುಗಿತು, ಮೆಲ್ಲಗೆ ಹೊರಟಿತು, ಇಳಿಜಾರು ಸಿಕ್ಕಿದ ಮೇಲೆ ಓಡಿತು, ಬುಳಕ್ ಅಂತ ಕೊಳಕ್ಕೆ ಬಿತ್ತು.

ದಂಡದ ಹೊಡೆತ ಸೇರಿಸಿಕೊಂಡು ಮಗಳು ಮತ್ತೆ ಆಡಿ ಗ್ರೀನಿಗೆ ಬಂದಳು. ಬಂದವಳು ಚೆಂಡು ನೋಡಲಿಲ್ಲ, ಬಗ್ಗಿ ಹುಲ್ಲು ನೋಡಿದಳು. ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ. ತಾನು ಅಂಬೆಗಾಲಿಟ್ಟು ಬೆಳೆದ ಹುಲ್ಲು ಅದು, ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಲೆಯೆತ್ತಿ ನೇರ ಅಮ್ಮನ ಮುಖ ನೋಡಿದಳು. ತಕ್ಕಡಿಯಮ್ಮ ಕುಂಟೆಯ ಹಲ್ಲು ಎಣಿಸತೊಡಗಿದಳು.

ಮಗಳು ಆಟದಿಂದ ಹೊರಬಿದ್ದಳು. ಆಗ ಸಮಿತಿಯ ಒಂದು ಹ್ಯಾಟು ಅಲ್ಲೇ ನೆರಳಲ್ಲಿ ನಿಂತು, "ಕಷ್ಟ ಎಲ್ಲರಿಗೂ ಒಂದೇ. ಅದೇ ಆಟದ ಸೊಗಸು" ಅಂತ ಪಕ್ಕದವರಿಗೆ ಉಪದೇಶ ಮಾಡುತ್ತಿತ್ತು.

ಸೊಗಸು ಹೆಚ್ಚು ಹೊತ್ತು ಉಳಿಯಲಿಲ್ಲ. ಹಿಂದಿನ ಗುಂಪಿನಲ್ಲಿ ಹೋದ ವರ್ಷದ ಚಾಂಪಿಯನ್ ಬಂದಳು. ಅವಳ ಚೆಂಡೂ ನಿಂತು, ಯೋಚಿಸಿ, ಉರುಳಿ ಕೊಳದ ದಡಕ್ಕೆ ಬಂದು ಕೂತಿತು. ಅವಳು ಕೈಕಟ್ಟಿ ನಿಂತಳು. ಅಷ್ಟೇ! ನಾಲ್ಕೂ ಕಡೆಯಿಂದ ಹ್ಯಾಟುಗಳು ಗಾಡಿಯಲ್ಲಿ ದಡಬಡ ಬಂದವು. ಆಟ ನಿಂತಿತು. ಅಯ್ಯೋ ಇದು ಅನ್ಯಾಯ, ಛೆ ಛೆ, ಎಂಥ ಅನ್ಯಾಯ! ಅರ್ಧ ಗಂಟೆಗೆ ಮುಂಚೆ ಇದೇ ಹುಲ್ಲು ನ್ಯಾಯವಾಗಿತ್ತು, ಪಾಪ, ಯಾರಿಗೂ ನೆನಪಿರಲಿಲ್ಲ. ನೀರು ಹಾಕಬೇಕು ಅಂತ ತೀರ್ಮಾನವಾಯಿತು. ಈಗಾಗಲೇ ಆಡಿ ಹೋದವರ ಕತೆ? ಆಟ ಅಂದಮೇಲೆ ಅದೃಷ್ಟವೂ ಇರುತ್ತದಂತೆ.

ಪೈಪ್ ಹಿಡಿದವಳು ಯಾರು? ನಮ್ಮ ತಕ್ಕಡಿಯಮ್ಮನೇ. ಬೆಳಿಗ್ಗೆ ಹಾಕಬೇಕಾಗಿದ್ದ ನೀರನ್ನು ಚಾಂಪಿಯನ್ನಿಗೆ ಹಾಕಿದಳು.

"ಇದನ್ನ ಎಷ್ಟು ಸಲ ಕತ್ತರಿಸಿದ್ದು?" ಅಂತ ಹಿರಿಯ ಹ್ಯಾಟಿನವರು ಕೇಳಿದರು.

"ಎರಡು ಸಲ ಸಾರ್. ಒಂದೇ ಸಲ ಅಂತ ಹೇಳಿದ್ರು. ನಾನೇ ಎರಡು ಸಲ ಕತ್ತರಿಸಿದೆ. ನೀರೂ ಹಾಕಿರಲಿಲ್ಲ."

ಸೂಪರ್‌ವೈಸರ್ ಹಲ್ಲು ಕಡಿದ. ಹಿರಿಯರು ಮಾತ್ರ ಆಕೆಯನ್ನು ಮೇಲಿಂದ ಕೆಳಗೆ ನೋಡಿ ನಿಧಾನಕ್ಕೆ ಹೇಳಿದರು. "ಆಗಲೇ ಹೊರಗೆ ಹೋದ ಹುಡುಗಿ ನಿಮ್ಮ ಮಗಳಂತೆ. ಒಂದು ಮಾತಂತೂ ನಿಜ. ನಿಮ್ಮ ಕಡೆ ಯಾರೂ ಬೆರಳು ತೋರಿಸೋ ಹಾಗಿಲ್ಲ."

ಜೀವಮಾನವಿಡೀ ಕಾದಿದ್ದ ಮಾತು. ಕೊನೆಗೂ ಸಿಕ್ಕಿತು, ದೊಡ್ಡವರ ಬಾಯಿಂದಲೇ ಸಿಕ್ಕಿತು. ತಕ್ಕಡಿಯಮ್ಮ ಪೈಪ್ ಅಲ್ಲೇ ಬಿಟ್ಟು, ಮಗಳು ಹೋದ ದಾರಿಯ ಕಡೆ ತಿರುಗಿ ನಿಂತಳು.

ಸಂಜೆ ಮನೆಗೆ ಬಂದಾಗ ಮಗಳು ಅಡುಗೆಮನೆಯ ನೆಲದ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದಳು. ಕಿರುಚಲಿ, ಪಾತ್ರೆ ಎಸೆಯಲಿ ಅಂತ ತಾಯಿ ಕಾದಳು. ಹುಡುಗಿ ಬೂಟು ಕೆಳಗಿಟ್ಟು ಕೇಳಿದಳು.

"ಜನ ಏನಂತಾರೋ ಅಂತ ತಾನೇ?"

"ಹೂಂ ಕಣೇ. ನಿನಗೆ ಹೇಗೆ ಹೇಳಲಿ, ಅವನು ಆವತ್ತು ಶೆಡ್ಡಲ್ಲಿ..."

"ಅದು ಬಿಡು. ಒಂದು ಹೇಳು. ನಾನು ಬೇರೆ ಯಾರದೋ ಮಗಳಾಗಿದ್ದಿದ್ರೆ ನೀನು ಬೆಳಿಗ್ಗೆ ನೀರು ಹಾಕ್ತಿದ್ದೆ ಅಲ್ವಾ?"

ಒಲೆಯ ಮೇಲೆ ಚಹಾ ಉಕ್ಕಿ ಚೆಲ್ಲಿತು. ತಕ್ಕಡಿಯಮ್ಮ ಉರಿ ಆರಿಸಿದಳು.

"ಹಾಕ್ತಿದ್ದೆ" ಅಂದಳು.

ಮಗಳು ತಲೆಯಾಡಿಸಿದಳು, ಅಷ್ಟೇ. ತಾಯಿ ಒಲೆಯ ಕಡೆ ತಿರುಗಿದಳು. ಏನಾದರೂ ಮಾಡಬೇಕಲ್ಲ, ಎರಡು ಲೋಟ ಚಹಾ ಸೋಸಿದಳು, ಬಿಸ್ಕತ್ತಿನ ಡಬ್ಬಿ ಇಳಿಸಿದಳು, ಕೈಹಾಕಿ ಮಗಳ ತಟ್ಟೆಗೆ ಇಟ್ಟಳು. ಇಟ್ಟ ಮೇಲೆ ಕಣ್ಣಿಗೆ ಬಿತ್ತು. ಡಬ್ಬಿಯ ತುಂಬ ಇಡೀ ಬಿಸ್ಕತ್ತುಗಳಿದ್ದರೂ ಕೈ ತಳದವರೆಗೆ ಹೋಗಿ ಒಡೆದದ್ದನ್ನೇ ಹುಡುಕಿ ತಂದಿತ್ತು.

"ಅಯ್ಯೋ, ತಾ ಇಲ್ಲಿ, ಬೇರೆ ಕೊಡ್ತೀನಿ" ಅಂತ ತಟ್ಟೆಗೆ ಕೈ ಚಾಚಿದಳು.

ಮಗಳು ಆಗಲೇ ಅದನ್ನು ಚಹಾದಲ್ಲಿ ಅದ್ದಿದ್ದಳು. "ಇರಲಿ ಬಿಡಮ್ಮ," ಅಂದಳು, "ನನಗೆ ಅಭ್ಯಾಸ ಇದೆ."