ಮಾರ್ಥಿಯ ಹೆಬ್ಬಾವಿಗೆ ಉಬ್ಬಸ

ಕಿಂಬರ್ಲಿಯ ನಮ್ಮ ಬೀದಿಯ ಮಾರ್ಥಿ ಸಾಯ್ಮನ್ ಮೊದಲಿನಿಂದಲೂ ಕೂತಲ್ಲಿ ಕೂರುವವಳಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದ ಕೈಕಾಲು ಅವು. ನಮ್ಮೂರಲ್ಲಿ ಜುಲೈ ಎಂದರೆ ಕಡುಚಳಿ; ಆ ಚಳಿಯಲ್ಲಿ ಅವಳು ಸಾಕಿದ್ದ ಹೆಬ್ಬಾವು ಪೆಪ್ಪಿ ಬಾಯಿ ತೆರೆದು ಉಸಿರಾಡತೊಡಗಿದ ಮೇಲಂತೂ ಒಲೆಯ ಮೇಲೆ ಗಂಜಿ ಸೀದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಹಾವು ತಲೆಯೆತ್ತಿ ತನ್ನ ಗಾಜಿನ ಪೆಟ್ಟಿಗೆಗೆ ಆನಿಸಿಕೊಂಡೇ ಇರುತ್ತಿತ್ತು. ಉಸಿರೆಳೆದಾಗ ಸಣ್ಣ ಸಿಳ್ಳೆ, ಬಿಟ್ಟಾಗ ಮೂಗಿನಲ್ಲಿ ಗುಳ್ಳೆ. ಇಲಿ ಕೊಟ್ಟರೆ ಮುಖ ತಿರುಗಿಸಿತು. ಮಾರ್ಥಿ ಬಟ್ಟೆ ಒಣಹಾಕುತ್ತಾ ಅರ್ಧಕ್ಕೆ ಬಿಟ್ಟು ಬಂದು ನೋಡುವಳು, ಮತ್ತೆ ಹೋಗುವಳು, ಮತ್ತೆ ಬರುವಳು.

"ನನ್ನ ಮಂಡಿನೋವಿಗೆ ವರ್ಷವಾಯ್ತು. ಒಂದಿನ ಹೀಗೆ ಬಗ್ಗಿ ನೋಡ್ಲಿಲ್ಲ ನೀನು" ಎಂದ ಗಂಡ ದಾವಿ. ಹಾವು ಮನೆಗೆ ಬಂದ ಒಂಬತ್ತು ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಮರುದಿನ ದಿಂಬಿನ ಚೀಲದಲ್ಲಿ ಹಾವನ್ನಿಟ್ಟುಕೊಂಡು ಪಶುವೈದ್ಯೆ ಸೆಲೆಕೆ ಬಳಿ ಹೋದಳು. ಆಕೆ ಬಾಯಿ ಬಿಡಿಸಿ, ಎಳೆಎಳೆಯಾಗಿದ್ದ ಜೊಲ್ಲು ತೋರಿಸಿ, ಶ್ವಾಸನಾಳದಿಂದ ಕಫ ತೆಗೆದು ಪರೀಕ್ಷೆಗೆ ಕಳಿಸಿದಳು.

"ಹಾವಿಗೆ ಕೆಮ್ಮೋಕೆ ಬರಲ್ಲಮ್ಮ, ಕಫ ಒಳಗೇ ಕೂತುಬಿಡತ್ತೆ. ಪೆಟ್ಟಿಗೇಲಿ ಶಾಖ ಎಷ್ಟಿದೆ?"

"ಮೂವತ್ತೆರಡು, ಡಾಕ್ಟ್ರೆ. ದಿನಾ ನೋಡ್ತೀನಿ."

"ಮಾಪಕ ಎಲ್ಲಿ ಅಂಟಿಸಿದೀರಿ?"

"ಮೇಲೆ, ಶಾಖದ ದೀಪದ ಪಕ್ಕ."

"ಹಾವು ಮಲಗೋದು?"

ಮಾರ್ಥಿ ಮನೆಗೆ ಬಂದು ಮಾಪಕವನ್ನು ಹಾವು ಮಲಗುವ ತಳದಲ್ಲಿಟ್ಟು ನೋಡಿದರೆ ಇಪ್ಪತ್ತಮೂರು. ಇಡೀ ಚಳಿಗಾಲ ತಾನೇ ಅದನ್ನು ತಣ್ಣನೆ ನೆಲದ ಮೇಲೆ ಮಲಗಿಸಿದ್ದೆ ಎಂದು ಅವಳು ನನ್ನೆದುರು ನಾಲ್ಕು ಸಲ ಹೇಳಿದಳು. ಪೆಟ್ಟಿಗೆಯ ತಳಕ್ಕೆ ಕರೆಂಟಿನ ಬಿಸಿಹಾಸು ಹಾಕಿದಳು. ಕರೆಂಟು ಹೋದಾಗಲೆಲ್ಲ ಬಿಸಿನೀರಿನ ಬಾಟಲಿಗಳಿಗೆ ಟವಲು ಸುತ್ತಿ ಇಟ್ಟಳು.

ಮೂರು ದಿನಕ್ಕೊಂದು ಸೂಜಿ, ಮನೆಯಲ್ಲೇ ಚುಚ್ಚಬೇಕೆಂದು ವೈದ್ಯೆ ಔಷಧಿ ಕೊಟ್ಟಿದ್ದಳು. ಒಬ್ಬಳಿಗೇ ಆಗದು. ಮೊದಲ ಸಲ ಅವಳು ಒಂದು ಕೈಯಲ್ಲಿ ಹಾವು, ಇನ್ನೊಂದರಲ್ಲಿ ಸೂಜಿ ಹಿಡಿದು ಒದ್ದಾಡುವುದನ್ನು ಕಂಡು ದಾವಿ ಅಂಗಿಯ ತೋಳು ಮಡಚಿಕೊಂಡು ಬಂದು ಹಾವಿನ ಮೈ ಹಿಡಿದುಕೊಂಡ.

"ಬೇಗ ಚುಚ್ಚು, ನನ್ನ ಕೈಗೆ ಸುತ್ತಿಕೊಳ್ತಿದೆ" ಎಂದ.

ಎರಡು ಸೂಜಿಯಾದರೂ ಸಿಳ್ಳೆ ನಿಲ್ಲಲಿಲ್ಲ. ಪರೀಕ್ಷೆಯ ಫಲಿತಾಂಶ ನೋಡಿ ವೈದ್ಯೆ ಔಷಧಿ ಬದಲಿಸಿದಳು. ಹೊಸದರ ಐದನೆಯ ಸೂಜಿಯ ಹೊತ್ತಿಗೆ ಗುಳ್ಳೆ ಹೋಯಿತು, ಎತ್ತಿಯೇ ಇದ್ದ ತಲೆ ನಿರಾಳವಾಗಿ ನೆಲಕ್ಕಿಳಿಯಿತು. ಆಗಸ್ಟ್ ಕೊನೆಗೆ ಪೆಪ್ಪಿ ಇಲಿ ನುಂಗಿತು. ಆ ಸುದ್ದಿಯನ್ನು ಬೀದಿಗೆಲ್ಲ ಹೇಳಿದವನು ದಾವಿಯೇ.

ಮಾರ್ಥಿಗೆ ಮಾತ್ರ ನೆಮ್ಮದಿಯಿಲ್ಲ. ಈಗಲೂ ನಮ್ಮನೆಯಲ್ಲಿ ಚಹಾ ಕುಡಿಯುತ್ತಾ ಅರ್ಧಕ್ಕೆ ಎದ್ದು, ಪೆಪ್ಪಿಯ ಗಾಜಿಗೆ ಕಿವಿಯಿಟ್ಟು ಬರಲು ಮನೆಗೆ ಹೋಗುತ್ತಾಳೆ.