ಒಂದು ದಿನವೂ ರಜೆ ಹಾಕದ ಪರಸಪ್ಪ

ಪರಸಪ್ಪನ ನಿವೃತ್ತಿಗೆ ಮಾನಪತ್ರ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ನಾನು ಬಟ್ಟೆ ಗಿರಣಿಯ ಹಾಜರಿ ಗುಮಾಸ್ತ, ಸಮಡೋಳಿಯ ಜಯಪಾಲ. ಯಾರು ಎಷ್ಟು ದಿನ ಬಂದರು, ಎಷ್ಟು ದಿನ ಬರಲಿಲ್ಲ ಎಂಬುದು ನನಗಲ್ಲದೆ ಇನ್ನಾರಿಗೆ ಗೊತ್ತು? ಚೇರಮನ್ ತಾತ್ಯಾಸಾಹೇಬರು ಕರೆದು, ಇಪ್ಪತ್ತೊಂದು ವರ್ಷ ಒಂದು ದಿನವೂ ಬೇನೆಯ ರಜೆ ಹಾಕದ ಮನುಷ್ಯ, ಅದನ್ನೇ ದೊಡ್ಡದಾಗಿ ಬರಿ, ಹೊಸಬರು ನೋಡಿ ಕಲಿಯಲಿ ಎಂದರು. ಬರೆದೆ. ಮರಾಠಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಬರೆಯದೆ ಬಿಟ್ಟದ್ದನ್ನು ಇಲ್ಲಿ ಹೇಳುತ್ತೇನೆ.

ಪರಸಪ್ಪ ಅಥಣಿ ಕಡೆಯವನು. ಹೆಂಡತಿ ಸೀತವ್ವನನ್ನು ಕರೆದುಕೊಂಡು ಮಿರಜದ ಹತ್ತಿರದ ಮಾಧವನಗರಕ್ಕೆ ಬಂದು ನಮ್ಮ ಸಹಕಾರಿ ಗಿರಣಿಗೆ ಬದಲಿಯಾಗಿ ಸೇರಿದ. ಬದಲಿ ಎಂದರೆ ದಿನಾ ಪಾಳಿಯ ಹೊತ್ತಿಗೆ ಗೇಟಿನ ಹೊರಗೆ ನಿಲ್ಲಬೇಕು. ಒಳಗೆ ಯಾವನಾದರೂ ಬರದಿದ್ದರೆ ಅವನ ಮಗ್ಗಕ್ಕೆ ಇವನನ್ನು ಕರೆಯುತ್ತಾರೆ. ಎಲ್ಲರೂ ಬಂದರೆ ಬುತ್ತಿಗಂಟು ಹಿಡಿದುಕೊಂಡು ಮನೆಗೆ. ವರ್ಷದೊಳಗೆ ಇನ್ನೂರ ನಲವತ್ತು ಹಾಜರಿ ಬಿದ್ದರೆ ಕಾಯಂ. ಒಂದು ಕಡಿಮೆಯಾದರೂ ಜನವರಿಯಿಂದ ಮತ್ತೆ ಮೊದಲಿನಿಂದ ಎಣಿಕೆ. ಅರವತ್ತೈದನೇ ಇಸವಿಯಲ್ಲಿ ಅವನದು ಇನ್ನೂರ ಮೂವತ್ತಾರಕ್ಕೆ ನಿಂತಿತ್ತು. ಆ ದಿನ ನನ್ನ ಕಿಟಕಿಯ ಪಕ್ಕದ ಗೋಡೆಗೆ ಹಣೆ ಹಚ್ಚಿ ಅತ್ತಿದ್ದ.

ಅರವತ್ತಾರನೇ ಇಸವಿಯ ದೀಪಾವಳಿ ಮುಗಿದ ಮೇಲೆ ಊರಿಗೆ ಗಂಟಲುಮಾರಿ ಬಂತು. ಓಣಿ ಓಣಿಯಲ್ಲಿ ಮಕ್ಕಳು ಸತ್ತವು. ತಾತ್ಯಾಸಾಹೇಬರು ಗೇಟಿಗೆ ಫಲಕ ಹಾಕಿಸಿದರು: ಗಂಟಲು ನೋವಿದ್ದವರು ಒಳಗೆ ಬರಕೂಡದು, ಕಾಯಂ ಕಾರ್ಮಿಕರಿಗೆ ಎಂಟು ಪಾಳಿ ಪಗಾರ ಸಹಿತ ರಜೆ. ಬದಲಿಗಳ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಒಬ್ಬ ನರ್ಸಬಾಯಿ ಗೇಟಿನಲ್ಲಿ ಕೂತು, ಬ್ಯಾಟರಿ ಹಾಕಿ ಎಲ್ಲರ ಗಂಟಲು ನೋಡುತ್ತಿದ್ದಳು. ಬಿಳಿ ಪೊರೆ ಕಂಡರೆ ವಾಪಸು.

ಆದರೆ ನಮ್ಮ ನೇಕಾರರ ರೂಢಿ ಬೇರೆ ಇತ್ತು. ಲಾಳಿಯೊಳಗೆ ನೂಲು ಸುತ್ತಿದ ಹೊಸ ಕಂಡಿಕೆ ಹಾಕಿದಾಗಲೆಲ್ಲ ನೂಲಿನ ತುದಿಯನ್ನು ಲಾಳಿಯ ಸಣ್ಣ ತೂತಿನಿಂದ ಹೊರಗೆಳೆಯಬೇಕು. ಬಾಯಿ ಹಚ್ಚಿ ಹೀರಿದರೆ ಕ್ಷಣದಲ್ಲಿ ಬರುತ್ತದೆ. ಒಂದು ಪಾಳಿಯಲ್ಲಿ ನೂರಾರು ಸಲ ಹೀರುತ್ತಾರೆ. ಒಬ್ಬ ಹೀರಿದ ಲಾಳಿಯನ್ನೇ ಮುಂದಿನ ಪಾಳಿಯವನು ಬಾಯಿಗೆ ಹಚ್ಚುತ್ತಾನೆ. ನರ್ಸಬಾಯಿ ಹೌಹಾರಿ ತಂತಿಯ ಕೊಕ್ಕೆ ಹಂಚಿಸಿದಳು. ಕೊಕ್ಕೆಯಿಂದ ಎಳೆದರೆ ಹೊತ್ತು ಹಿಡಿಯುತ್ತದೆ, ಬಟ್ಟೆ ಕಡಿಮೆ ಇಳಿಯುತ್ತದೆ, ಮಗ್ಗಗಳ ಉಸ್ತುವಾರಿಯ ಜಾಬರ ರಾವಸಾಬ ಬೈಯುತ್ತಾನೆ. ಕೊಕ್ಕೆಗಳು ಕಿವಿ ಕೆರೆದುಕೊಳ್ಳಲು ಉಪಯೋಗಕ್ಕೆ ಬಂದವು.

ಪರಸಪ್ಪ ಆಗ ಊರಿಗೆ ಹೋಗಿದ್ದ ಒಬ್ಬನ ಮಗ್ಗದ ಮೇಲೆ ಮೊದಲ ಪಾಳಿ ಮಾಡುತ್ತಿದ್ದ. ಡಿಸೆಂಬರ್ ಅರ್ಧ ಮುಗಿದಿತ್ತು, ಇನ್ನೂರ ಇಪ್ಪತ್ತಾರು ಹಾಜರಿ ಬಿದ್ದಿದ್ದವು. ಒಂದು ಬೆಳಿಗ್ಗೆ ಗೇಟಿಗೆ ಹೋಗುವ ಮುಂಚೆ ನನ್ನ ಕಿಟಕಿಗೆ ಬಂದು ಬಾಯಿ ತೆರೆದು ತೋರಿಸಿದ. ಒಳಗೆ ಬಿಳಿ ಪೊರೆ.

"ಜಯಪಾಲಣ್ಣಾರ, ಇನ್ನ ಹದಿನಾಕ ಉಳದಾವರಿ," ಎಂದ.

ಮನೆಗೆ ಹೋಗು ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಎಲೆಡಬ್ಬಿ ತೆರೆದು ಎರಡು ಎಲೆಗೆ ಕಾಚು ಜಾಸ್ತಿ ಹಚ್ಚಿ ಕೊಟ್ಟೆ. ಚೆನ್ನಾಗಿ ಅಗಿದು ರಸ ಗಂಟಲಿಗೆ ಇಳಿಸಿಕೋ ಎಂದೆ. ನರ್ಸಬಾಯಿಗೆ ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಐದು ದಿನ ಹೀಗೆ ಎಲೆ ಕೊಟ್ಟೆ, ದೊಡ್ಡ ಉಪಕಾರ ಮಾಡಿದೆ ಎಂದು ಒಳಗೊಳಗೆ ಹಿಗ್ಗಿದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಗಟ್ಟಿ ಮೈಯವನು, ಅವನ ಬೇನೆ ತಾನಾಗಿಯೇ ಇಳಿಯಿತು.

ಅದೇ ಮಗ್ಗದ ಎರಡನೇ ಪಾಳಿಯವನು ಲಿಂಗನೂರಿನ ಗುರಲಿಂಗ. ಕಾಯಂ ಮನುಷ್ಯ, ಪರಸಪ್ಪನ ಗೆಳೆಯ. ಜಾಬರನ ಕೈಕಾಲು ಹಿಡಿದು ಪರಸಪ್ಪನನ್ನು ಗಿರಣಿಗೆ ಸೇರಿಸಿದವನೇ ಅವನು. ಆರನೆಯ ದಿನ ಗುರಲಿಂಗನ ಗಂಟಲು ಕಟ್ಟಿತು. ಅವನಿಗೆ ಎಲೆಯ ಚಟವಿಲ್ಲ, ಸುಳ್ಳಿನ ಚಟವೂ ಇಲ್ಲ. ನೆಟ್ಟಗೆ ನರ್ಸಬಾಯಿಯ ಮುಂದೆ ಬಾಯಿ ತೆರೆದ. ಅವಳು ಮಿರಜದ ದವಾಖಾನೆಗೆ ಕಳಿಸಿದಳು. ಅದೇ ದಿನ ಊರಿಗೆ ಹೋಗಿದ್ದವನು ವಾಪಸು ಬಂದು ತನ್ನ ಮೊದಲ ಪಾಳಿ ಕೇಳಿದ. ಗುರಲಿಂಗ ಮಲಗದೆ ಇದ್ದಿದ್ದರೆ ಪರಸಪ್ಪ ಗೇಟಿನ ಹೊರಗೆ ಬೀಳುತ್ತಿದ್ದ. ಮಲಗಿದ್ದರಿಂದ ಅವನ ಪಾಳಿಗೆ ಇವನನ್ನೇ ಹಾಕಿದರು.

ಗುರಲಿಂಗನ ಗಂಟಲು ವಾಸಿಯಾಯಿತು, ಆದರೆ ಬೇನೆ ಎದೆಗುಂಡಿಗೆಗೆ ತಾಗಿತ್ತು. ಒಂದು ತಿಂಗಳು ಹಾಸಿಗೆ ಬಿಟ್ಟು ಏಳಬೇಡ ಎಂದರು ಡಾಕ್ಟರು. ಗಿರಣಿ ಕೊಟ್ಟದ್ದು ಎಂಟು ಪಾಳಿ. ಒಂಬತ್ತನೆಯದು ತಪ್ಪಿದರೆ ಮಗ್ಗ ಬೇರೆಯವನಿಗೆ. ಒಂಬತ್ತನೆಯ ಮಧ್ಯಾಹ್ನ ಹೆಂಡತಿ ಕೃಷ್ಣವ್ವ ಅವನನ್ನು ಕೈಹಿಡಿದು ಗೇಟಿನ ತನಕ ತಂದು ಬಿಟ್ಟಳು. ಒಳಗೆ ಪರಸಣ್ಣ ಇದ್ದಾನೆ, ನೋಡಿಕೊಳ್ಳುತ್ತಾನೆ ಎಂದು ನನಗೆ ಹೇಳಿ ಹೋದಳು.

ಪರಸಪ್ಪನ ಹಾಜರಿ ಇನ್ನೂರ ಮೂವತ್ತೊಂಬತ್ತು, ವರ್ಷ ಮುಗಿಯುತ್ತ ಬಂದಿತ್ತು. ಗುರಲಿಂಗನನ್ನು ಕಂಡು ಅವನ ಮುಖ ಇಷ್ಟು ಸಣ್ಣದಾಯಿತು. ಮಗ್ಗದವನು ಬಂದಿದ್ದಾನೆ, ಬದಲಿ ಹೊರಗೆ ಎಂದ ರಾವಸಾಬ. ಪರಸಪ್ಪ ಹೊರಗೆ ಹೋಗಲಿಲ್ಲ, ಗೋಡೆಗೆ ಆತು ನಿಂತ. ಮಗ್ಗದ ಮೇಲೆ ಬಟ್ಟೆಯ ಸುರುಳಿ ತುಂಬಿತ್ತು. ಅದನ್ನು ಇಳಿಸುವಾಗ ಇಬ್ಬರು ಹಿಡಿಯುವುದು ವಾಡಿಕೆ.

"ಪರಸಾ, ಒಂದ ಕೈ ಹಚ್ಚೋ," ಎಂದ ಗುರಲಿಂಗ.

"ಕಾಯಂ ಮನಷ್ಯಾ ಅದಿ. ಮಗ್ಗ ನಿಂದು, ಸುರುಳಿನೂ ನಿಂದ. ನೀನ ಎತ್ತ."

ನಾನು ಹಾಜರಿ ಪುಸ್ತಕ ಹಿಡಿದು ಹತ್ತು ಹೆಜ್ಜೆ ದೂರದಲ್ಲಿದ್ದೆ. ನನಗೇನು ಕೈ ಇರಲಿಲ್ಲವೇ? ಗುಮಾಸ್ತರು ಸುರುಳಿ ಹೊರುವುದಿಲ್ಲ ಎಂದು ನಿಂತೇ ಇದ್ದೆ. ಗುರಲಿಂಗ ಒಬ್ಬನೇ ಎತ್ತಿದ, ಮೂರು ಹೆಜ್ಜೆ ಹಾಕಿದ, ಸುರುಳಿಯ ಸಮೇತ ಬಿದ್ದ. ಕೈಗಾಡಿಯ ಮೇಲೆ ಹಾಕಿ ಗೇಟಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು.

ಮಗ್ಗ ನಿಲ್ಲಬಾರದು ಎಂದ ರಾವಸಾಬ. ಪರಸಪ್ಪ ಗೋಡೆ ಬಿಟ್ಟು ಬಂದ, ಕಂಡಿಕೆ ಹಾಕಿದ, ಗುರಲಿಂಗ ಆಗಷ್ಟೇ ಹೀರಿದ್ದ ಲಾಳಿಯನ್ನು ಬಾಯಿಗೆ ಹಚ್ಚಿ ನೂಲು ಎಳೆದ. ಪಾಳಿ ಶುರುವಾಗಿ ಅರ್ಧ ತಾಸೂ ಆಗಿರಲಿಲ್ಲ, ಹಾಗಾಗಿ ಪೂರ್ತಿ ಹಾಜರಿ. ಇನ್ನೂರ ನಲವತ್ತು ಎಂದು ಬರೆದೆ. ಶಾಯಿ ಒಣಗಿಸಿ ಮುಂದಿನ ಹೆಸರಿಗೆ ಹೋದೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಇಪ್ಪತ್ತೊಂದು ವರ್ಷ ಅವನು ಜ್ವರದಲ್ಲಿ ಬಂದ, ಕಾಮಾಲೆಯಲ್ಲಿ ಬಂದ, ಕೆಮ್ಮುತ್ತ ಬಂದ. ತಾತ್ಯಾಸಾಹೇಬರು ಅದನ್ನು ನಿಷ್ಠೆ ಎಂದರು. ತನ್ನ ಮಗ್ಗಕ್ಕೆ ಬದಲಿ ಹತ್ತಿದರೆ ಏನಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಅಷ್ಟೇ. ಕೃಷ್ಣವ್ವನಿಗೆ ಗಿರಣಿಯಲ್ಲಿ ಕಸ ಗುಡಿಸುವ ಕೆಲಸ ಕೊಟ್ಟರು.

ಹೋದ ಶನಿವಾರ ಸಮಾರಂಭವಾಯಿತು. ಶಾಲು ಹೊದಿಸಿದರು, ನಾನು ಮಾನಪತ್ರ ಓದಿದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಕೊಡುತ್ತ ಬಂದ ಕೃಷ್ಣವ್ವ ಪರಸಪ್ಪನ ಮುಂದೆ ನಿಂತಳು.

"ನಮ್ಮವ್ರು ನಿಮ್ಮಂಗ ಗಟ್ಟಿ ಇರಲಿಲ್ಲ ಬಿಡ್ರಿ," ಎಂದಳು. "ಆದ್ರ ಕಡೀ ಹೊತ್ನ್ಯಾಗ ನೀವ ಅವ್ರ ಬಾಜೂಕ ಇದ್ರಿ. ಅಷ್ಟ ಸಮಾಧಾನ ನನಗ."

"ಹೂಂ ವೈನಿ, ಇದ್ದೆ," ಎಂದ ಪರಸಪ್ಪ. ಚಹಾ ಕುಡಿದು ಕಪ್ಪು ಕೆಳಗಿಟ್ಟ. ಆಮೇಲೆ ನನ್ನ ಕಡೆ ಕೈಚಾಚಿ ಎಲೆ ಕೇಳಿದ. ಕೊಟ್ಟೆ.